ಗುಡ್ಡೆ ಜರಿದಾಗ ಹಳೆಯ ಚೈನ್ ಗಾಡಿ

ಶಿರಾಡಿ ಘಾಟಿಯ ಬುಡದ ಗುಂಡ್ಯದಲ್ಲಿ ಹಿಮ ಬೀಳುವುದಿಲ್ಲ, ಗುಡ್ಡೆ ಬೀಳುತ್ತದೆ. ಅಮೆರಿಕ, ಕೆನಡಾದ ಕೆಲವು ಕೃಷಿಕರು ಚಳಿಗಾಲದಲ್ಲಿ ಅಜ್ಜನ ಕಾಲದ ಚೈನ್ ಟ್ರ್ಯಾಕ್ಟರ್ ಹೊರಗೆ ತೆಗೆದು ಮನೆದಾರಿಯ ಹಿಮ ಸರಿಸಿಕೊಳ್ಳುತ್ತಾರೆ. ಶಿರಾಡಿ, ಕೊಂಬಾರು, ಬಿಳಿನೆಲೆ, ಇಚ್ಲಂಪಾಡಿ ಕಡೆಯವರಿಗೆ ಅದೇ ಕೆಲಸ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಬರುತ್ತದೆ. ರಾತ್ರಿಯಿಡೀ ಮಳೆ ಹೊಡೆದ ಮರುದಿನ ಬೆಳಿಗ್ಗೆ ಗುಡ್ಡೆಯ ಕಡಿದಾದ ಬದಿ, ಅಂದರೆ ಬರೆ, ಜರಿದು ದಾರಿ ಮುಚ್ಚಿರುತ್ತದೆ, ಹಾಲು ಡೇರಿಗೆ ಹೋಗಬೇಕು, ಮಕ್ಕಳು ಶಾಲೆಗೆ ಹೋಗಬೇಕು. ಅಲ್ಲಿಯೂ ಇಲ್ಲಿಯೂ ಯಂತ್ರದ ಜಾತಿ ಒಂದೇ: ಟಯರ್ ಬದಲು ಚೈನ್ ಮೇಲೆ ನಡೆಯುವ ಗಾಡಿ. ಎದುರಿಗಿರುವ ವಸ್ತು ಮಾತ್ರ ಬೇರೆ. ಆ ವ್ಯತ್ಯಾಸ ಅರಿಯದೆ ಹಳೆಯ ಡೋಜರ್ ಅಥವಾ ಹಿಟಾಚಿ ಕೊಂಡವರು ಕೈ ಸುಟ್ಟುಕೊಳ್ಳುವುದುಂಟು.

ಮೊದಲು ತೂಕದ ಲೆಕ್ಕ ನೋಡೋಣ. ಆಗಷ್ಟೇ ಬಿದ್ದ ಹಿಮ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 100 ಕಿಲೊ ತೂಗುತ್ತದೆ. ಗಟ್ಟಿಯಾಗಿ ಕೂತ ಹಿಮವಾದರೂ 300ರಿಂದ 500 ಕಿಲೊ. ನೀರು ಕುಡಿದ ನಮ್ಮ ಕೆಂಪು ಮಣ್ಣು 1,800ರಿಂದ 2,000 ಕಿಲೊ. ದಾರಿಯ ಮೇಲೆ 10 ಮೀಟರ್ ಉದ್ದಕ್ಕೆ, 3 ಮೀಟರ್ ಅಗಲಕ್ಕೆ, ಎದೆಮಟ್ಟವೂ ಅಲ್ಲದ ಒಂದು ಮೀಟರ್ ಎತ್ತರಕ್ಕೆ ಮಣ್ಣು ಬಿದ್ದಿದೆ ಎಂದುಕೊಳ್ಳಿ. ನೋಡಲು ಸಣ್ಣ ಜರಿತ. ತೂಕ 54ರಿಂದ 60 ಟನ್. ಹತ್ತು ಟನ್ ಹೊರುವ ಟಿಪ್ಪರಿಗೆ ಅದು ಆರು ಲೋಡು. ಹಿಮಾಲಯದ ರೋಹ್ತಾಂಗ್, ಜೋಜಿಲಾಗಳಲ್ಲಿ ಗಡಿ ರಸ್ತೆ ಸಂಸ್ಥೆಯ ಡೋಜರುಗಳು ಹಿಮವನ್ನು ಬದಿಗೆ ತಳ್ಳಿ ಮುಂದೆ ಹೋಗುತ್ತವೆ; ಬೇಸಿಗೆ ಬಂದರೆ ಅದು ತಾನೇ ಕರಗುತ್ತದೆ. ನಮ್ಮ ಮಣ್ಣು ಕರಗುವುದಿಲ್ಲ. ಬದಿಗೆ ತಳ್ಳಿದರೆ ಅದು ತೋಡಿಗೆ ಬಿದ್ದು, ಮುಂದಿನ ಮಳೆಗೆ ಕೆಳಗಿನವರ ತೋಟಕ್ಕೆ ಹೋಗಿ ಅಡಿಕೆಯ ಕಣಿ ಮುಚ್ಚುತ್ತದೆ. ಹಾಗಾಗಿ ಇಲ್ಲಿ ಯಂತ್ರ ಸ್ಟಾರ್ಟ್ ಮಾಡುವ ಮೊದಲಿನ ಪ್ರಶ್ನೆ, ತೆಗೆದ ಮಣ್ಣನ್ನು ಎಲ್ಲಿ ಹಾಕುವುದು ಎಂಬುದು. ಬೇಸಿಗೆಯಲ್ಲೇ ನೀರು ಹರಿಯದ, ಸಮತಟ್ಟಾದ ಒಂದು ಮೂಲೆಯನ್ನು ಇದಕ್ಕೆಂದು ಬಿಟ್ಟಿರಿ. ಹೊಸ ತೋಟಕ್ಕೆ ಮಣ್ಣು ಏರಿಸುವುದಿದ್ದರೆ ಅಲ್ಲಿಗೇ ಹಾಕಬಹುದು, ಆದರೆ ಮಳೆಗಾಲ ಮುಗಿಯುವ ತನಕ ಅದಕ್ಕೆ ಸುತ್ತ ಕಟ್ಟೆ ಬೇಕು.

ಚೈನ್ ಯಾಕೆ ಬೇಕು ಎಂಬುದು ಕೆಸರಿನಲ್ಲಿ ಹೂತ ಜೆಸಿಬಿ ನೋಡಿದವರಿಗೆ ಹೇಳಬೇಕಾಗಿಲ್ಲ. ಏಳು ಟನ್ನಿನ ಸಣ್ಣ ಹಿಟಾಚಿಯ ಭಾರ ಎರಡೂ ಚೈನುಗಳ ಮೇಲೆ ಹರಡಿದಾಗ ನೆಲದ ಮೇಲೆ ಬೀಳುವ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರು 350 ಗ್ರಾಂ. ನಡೆಯುತ್ತಿರುವ ಮನುಷ್ಯನ ಪಾದ ಇದಕ್ಕಿಂತ ಹೆಚ್ಚು ಒತ್ತುತ್ತದೆ. ಅಷ್ಟೇ ತೂಕದ ಜೆಸಿಬಿ ನಾಲ್ಕು ಟಯರಿನ ಮೇಲೆ ನಿಂತಾಗ ಒತ್ತಡ ಇದರ ಐದಾರು ಪಟ್ಟು. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಸುತ್ತಲಿನ ಜವುಗು ಹೊಲಗಳಲ್ಲಿ ಉಗಿ ಟ್ರ್ಯಾಕ್ಟರಿನ ಚಕ್ರಗಳು ಹೂತುಹೋಗುತ್ತಿದ್ದವು ಎಂದೇ ಬೆಂಜಮಿನ್ ಹೋಲ್ಟ್ 1904ರಲ್ಲಿ ಚಕ್ರದ ಜಾಗಕ್ಕೆ ಚೈನ್ ಹಾಕಿ ಓಡಿಸಿದ್ದು. ಅವನ ಕಂಪನಿಯೂ ಬೆಸ್ಟ್ ಕಂಪನಿಯೂ 1925ರಲ್ಲಿ ಒಂದಾಗಿ ಕ್ಯಾಟರ್‌ಪಿಲ್ಲರ್ ಹುಟ್ಟಿತು. ನಮ್ಮ ದೇಶದಲ್ಲಿ ಎರಡನೇ ಮಹಾಯುದ್ಧದ ನಂತರ ಉಳಿದ ಅಮೆರಿಕನ್ ಚೈನ್ ಟ್ರ್ಯಾಕ್ಟರುಗಳಿಂದ ಕೇಂದ್ರೀಯ ಟ್ರ್ಯಾಕ್ಟರ್ ಸಂಸ್ಥೆ ಮಧ್ಯ ಭಾರತದ ಕಾಂಸ್ ಹುಲ್ಲಿನ ನೆಲವನ್ನು ಆಳವಾಗಿ ಉತ್ತಿತು. 1949ರಲ್ಲಿ ವಿಶ್ವಬ್ಯಾಂಕ್ ಇಂಥ ಯಂತ್ರ ಕೊಳ್ಳಲೆಂದೇ 1 ಕೋಟಿ ಡಾಲರ್ ಸಾಲ ಕೊಟ್ಟಿತ್ತು. 1964ರಲ್ಲಿ ಬೆಂಗಳೂರಿನಲ್ಲಿ ಬಿಇಎಂಎಲ್ ಶುರುವಾಗಿ, ಜಪಾನಿನ ಕೊಮಾಟ್ಸು ತಂತ್ರಜ್ಞಾನದಲ್ಲಿ ಕೋಲಾರದ ಕೆಜಿಎಫ್‌ನಿಂದ ಡಿ50, ಡಿ80 ಡೋಜರುಗಳು ಹೊರಬಂದವು. ಟಾಟಾ ಮತ್ತು ಹಿಟಾಚಿ 1984ರಲ್ಲಿ ಕೈಜೋಡಿಸಿದವು, ಆಮೇಲೆ ಧಾರವಾಡದಲ್ಲೂ ಕಾರ್ಖಾನೆ ಬಂತು. ಕಂಪನಿ ಯಾವುದೇ ಇರಲಿ, ಚೈನ್ ಮೇಲೆ ನಡೆದು ಬಕೆಟ್ಟಿನಲ್ಲಿ ಅಗೆಯುವುದೆಲ್ಲ ನಮ್ಮೂರಲ್ಲಿ ಹಿಟಾಚಿಯೇ.

ಹಳೆಯದನ್ನು ಕೊಳ್ಳುವ ಯೋಚನೆ ಇದ್ದರೆ ಡೋಜರೋ ಹಿಟಾಚಿಯೋ ಎಂದು ಮೊದಲೇ ನಿರ್ಧರಿಸಿ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಘಟ್ಟದ ಬುಡದ ತೋಟಕ್ಕೆ ಡೋಜರ್ ಬೇಡ. 110 ಅಶ್ವಶಕ್ತಿಯ, 12 ಟನ್ನಿನ ಡಿ50 ಮಣ್ಣು ತಳ್ಳುವುದರಲ್ಲಿ ಗಟ್ಟಿಗ, ರಬ್ಬರ್ ಗುಡ್ಡೆಗೆ ದಾರಿ ಕಡಿಯಲು ಒಂದು ಕಾಲಕ್ಕೆ ಅದೇ ಬೇಕಿತ್ತು. ಆದರೆ ಅದು ತಳ್ಳಬಲ್ಲದೇ ಹೊರತು ಎತ್ತಿ ಬೇರೆಡೆ ಹಾಕಲಾರದು. ತಳ್ಳಿದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದು ಮೇಲೆ ಹೇಳಿದ್ದೇ. ಹಿಟಾಚಿಗೆ ಕೈ ಇದೆ. ನಿಂತಲ್ಲೇ ತಿರುಗಿ ಟಿಪ್ಪರಿಗೆ ತುಂಬುತ್ತದೆ, ಮೋರಿಯ ಬಾಯಿಗೆ ಸಿಕ್ಕಿಕೊಂಡ ಮರದ ಬೇರು ಹಿಡಿದು ಎಳೆಯುತ್ತದೆ.

ಗಾತ್ರದಲ್ಲಿ ಅಡಿಕೆ ತೋಟವೇ ಅಳತೆಗೋಲು. ನಮ್ಮಲ್ಲಿ ಸಸಿ ನೆಡುವುದು ಸಾಮಾನ್ಯವಾಗಿ 9 ಅಡಿ ಅಂತರದಲ್ಲಿ, ಅಂದರೆ 2.7 ಮೀಟರ್. ಏಳು ಟನ್ನಿನ ಹಿಟಾಚಿಯ ಅಗಲ ಸುಮಾರು ಏಳೂವರೆ ಅಡಿ. ಲೆಕ್ಕದಲ್ಲಿ ನುಸುಳುತ್ತದೆ, ಆದರೆ ತಿರುಗುವಾಗ ಹಿಂಭಾಗ ಮರಕ್ಕೆ ಬಡಿಯುತ್ತದೆ, ಕಾಂಡದ ಸಿಪ್ಪೆ ಏಳುತ್ತದೆ, ಎರಡು ವರ್ಷ ಕಳೆದು ಮರ ಒಣಗಿದಾಗ ನಾವು ರೋಗವನ್ನು ಬಯ್ಯುತ್ತೇವೆ. 20 ಟನ್ನಿನದ್ದಂತೂ ತೋಟದ ಹೊರಗಿನ ಯಂತ್ರ. ಮೂರು ಟನ್ನಿನ ಮಿನಿ ಐದಡಿ ಅಗಲ ಇರುವುದರಿಂದ ಸಾಲಿನ ನಡುವೆ ಆರಾಮಾಗಿ ಓಡಾಡುತ್ತದೆ. ಕಣಿ ತೋಡಲು ಅದೇ ಸೈ. ಜರಿತದ ದೊಡ್ಡ ಬಂಡೆ ಎತ್ತಲು ಮಾತ್ರ ಅದಕ್ಕೆ ತ್ರಾಣ ಸಾಲದು. ಮನೆದಾರಿ, ರಬ್ಬರು, ಕೆರೆ, ಒಂದಿಷ್ಟು ತೋಟ ಎಲ್ಲವೂ ಇರುವವರಿಗೆ ಏಳು ಟನ್ನಿನ ಹಳೆಯ ಯಂತ್ರವೇ ನಡುದಾರಿ. ಡೀಸೆಲ್ ಗಂಟೆಗೆ ಆರರಿಂದ ಎಂಟು ಲೀಟರ್ ಕುಡಿಯುತ್ತದೆ, ಡೋಜರಾದರೆ ಅದರ ದುಪ್ಪಟ್ಟು. ಇನ್ನು ವರ್ಷಕ್ಕೆ ಹತ್ತಿಪ್ಪತ್ತು ಗಂಟೆಯ ಕೆಲಸ ಮಾತ್ರ ಇರುವವರು ಕೊಳ್ಳಲೇಬೇಡಿ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕರೆಸಿ, ಇಲ್ಲವೇ ನೆರೆಯ ನಾಲ್ಕು ಮನೆಯವರು ಸೇರಿ ಒಂದನ್ನು ಇಟ್ಟುಕೊಳ್ಳಿ. ಜರಿತದ ದಿನ ಎಲ್ಲರಿಗೂ ಒಟ್ಟಿಗೇ ಬೇಕಾಗುತ್ತದೆ, ಅದಕ್ಕೆ ಸರತಿಯನ್ನು ಮೊದಲೇ ಮಾತಾಡಿಕೊಳ್ಳಿ.

ಕೊಳ್ಳಲು ಹೋದಾಗ ಎಂಜಿನ್ ಸದ್ದಿಗೆ ಮರುಳಾಗುವವರೇ ಹೆಚ್ಚು. ಚೈನ್ ಗಾಡಿಯ ದುಡ್ಡು ಇರುವುದು ಕೆಳಗೆ. ನಿರ್ವಹಣೆ ಖರ್ಚಿನ ಅರ್ಧದಷ್ಟನ್ನು ಚೈನು, ರೋಲರ್, ಸ್ಪ್ರಾಕೆಟ್, ಐಡ್ಲರುಗಳೇ ತಿನ್ನುತ್ತವೆ. ಸ್ಪ್ರಾಕೆಟ್ಟಿನ ಹಲ್ಲು ಚೂಪಾಗಿದ್ದರೆ ಪಿನ್ನು, ಬುಷ್ಷು ಸವೆದಿವೆ ಎಂದೇ ಅರ್ಥ. ಸ್ಪ್ರಾಕೆಟ್ ಮಾತ್ರ ಹೊಸದು ಹಾಕಿದರೆ ಹಳೆಯ ಚೈನು ಅದನ್ನೂ ಬೇಗ ತಿಂದುಹಾಕುತ್ತದೆ. ಐಡ್ಲರನ್ನು ಮುಂದೆ ತಳ್ಳುವ ಅಡ್ಜಸ್ಟರ್ ಪೂರ್ತಿ ಹೊರಬಂದಿದ್ದರೆ ಚೈನು ಹಿಗ್ಗಿ ಮುಗಿದಿದೆ. ಫೈನಲ್ ಡ್ರೈವಿನ ಆಯಿಲ್ ಪ್ಲಗ್ ಸ್ವಲ್ಪ ಸಡಿಲಿಸಿ ನೋಡಿ: ಆಯಿಲ್ ಹಾಲಿನಂತೆ ಬಿಳಿಚಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ. ಹೊಳೆಯಲ್ಲಿ ಮರಳು ತೆಗೆದು ದಣಿದ ಯಂತ್ರಗಳಲ್ಲಿ ಇದು ಸಾಮಾನ್ಯ, ಹಾಗಾಗಿ ಯಂತ್ರದ ಪೂರ್ವಾಶ್ರಮ ಕೇಳಿ ತಿಳಿದುಕೊಳ್ಳಿ. ಬಕೆಟ್ ತುಂಬಿಸಿ ಬೂಮ್ ಮೇಲೆತ್ತಿ ಐದು ನಿಮಿಷ ಬಿಡಿ. ತಾನಾಗಿ ಕೆಳಗಿಳಿಯುತ್ತಾ ಬಂದರೆ ಹೈಡ್ರಾಲಿಕ್ ಒಳಗೇ ಸೋರುತ್ತಿದೆ. ಆಗ ಯಾರೂ ಬೂಮಿನ ಅಡಿ ಹೋಗಬಾರದು. ಎರಡೂ ಲಿವರ್ ಒಟ್ಟಿಗೆ ಒತ್ತಿ ಐವತ್ತು ಹೆಜ್ಜೆ ಓಡಿಸಿ, ಗಾಡಿ ಒಂದೇ ಕಡೆಗೆ ಎಳೆದರೆ ಆ ಬದಿಯ ಮೋಟರಿನಲ್ಲಿ ತೊಂದರೆ ಇದೆ. ಮತ್ತೆ, ಯಂತ್ರ ನೋಡಲು ಬರುವ ವಿಷಯವನ್ನು ಹೇಳಿಯೇ ಹೋಗಿ, ಆದರೆ ಎಂಜಿನ್ ತಣ್ಣಗಿರಲಿ ಎನ್ನಿ. ನೀವು ತಲುಪುವಾಗಲೇ ಬಿಸಿಯಾಗಿ ಉರಿಯುತ್ತಿದ್ದರೆ ಯಾಕೆ ಎಂದು ಕೇಳಿ. ಮೀಟರಿನ ಗಂಟೆಗಳನ್ನು ನಾನಂತೂ ನಂಬುವುದಿಲ್ಲ. ಸೀಟಿನ ಹರಿದ ರೆಗ್ಸಿನ್, ಪೆಡಲಿನ ಸವೆದ ರಬ್ಬರು ನಿಜ ಹೇಳುತ್ತವೆ. ಸಾಲದ ಬಾಕಿ ಇಲ್ಲವೆಂಬ ಪತ್ರ, ಮೂಲ ಬಿಲ್ಲು ಕೈಗೆ ಬಾರದೆ ಮುಂಗಡ ಕೊಡಬೇಡಿ.

ಚೈನಿನ ಬಿಗಿ ಬಗ್ಗೆ ಒಂದು ಮಾತು. ಬೇಸಿಗೆಯ ಒಣ ನೆಲಕ್ಕೆ ಸರಿಯಾಗಿದ್ದ ಬಿಗಿ ಮಳೆಗಾಲಕ್ಕೆ ಹೆಚ್ಚಾಗುತ್ತದೆ. ಕೆಸರು ಸ್ಪ್ರಾಕೆಟ್ಟಿನ ಹಲ್ಲಿನ ನಡುವೆ ತುಂಬಿಕೊಂಡು ಚೈನನ್ನು ಇನ್ನಷ್ಟು ಎಳೆದು ಹಿಡಿಯುತ್ತದೆ, ಪಿನ್ನು ತಿರುಗಿದಷ್ಟೂ ಸವೆಯುತ್ತದೆ. ಹಾಗಾಗಿ ಕೈಪಿಡಿ ಹೇಳುವ ಅಳತೆಯೊಳಗೇ ಸಡಿಲದ ಕಡೆಗೆ ಇಡಿ. ಗ್ರೀಸ್ ಹೊಡೆದು ಬಿಗಿ ಮಾಡುವುದು ಸುಲಭ, ಅಪಾಯ ಇರುವುದು ಸಡಿಲಿಸುವಾಗ. ಒಳಗಿನ ಗ್ರೀಸ್ ಭಾರೀ ಒತ್ತಡದಲ್ಲಿರುತ್ತದೆ, ವಾಲ್ವನ್ನು ಪೂರ್ತಿ ಬಿಚ್ಚಿದರೆ ಗುಂಡಿನಂತೆ ಹಾರಿ ಮೈಯೊಳಗೆ ಹೋಗಬಲ್ಲದು. ಒಂದು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮುಖವನ್ನು ಅದರ ನೇರಕ್ಕೆ ಹಿಡಿಯದೆ, ಬದಿಯಿಂದ ಕೆಲಸ ಮಾಡಿ. ಚರ್ಮದೊಳಗೆ ಗ್ರೀಸ್ ಅಥವಾ ಹೈಡ್ರಾಲಿಕ್ ಆಯಿಲ್ ಹೊಕ್ಕರೆ ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಇರುವುದಿಲ್ಲ. ಆದರೂ ಕೂಡಲೇ ಪುತ್ತೂರಿಗೋ ಮಂಗಳೂರಿಗೋ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಓಡಬೇಕು. ತಡವಾದರೆ ಬೆರಳೋ ಕೈಯೋ ಹೋಗುತ್ತದೆ.

ಇಳಿಜಾರು

ಇಷ್ಟೆಲ್ಲ ಹೇಳಿದರೂ ಡೋಜರೇ ಬೇಕೆನ್ನುವವರು, ಅಥವಾ ಮನೆಯಲ್ಲಿ ಹಳೆಯದೊಂದು ಇದ್ದೇ ಇದೆ ಎನ್ನುವವರು, ಇದನ್ನು ಎರಡು ಸಲ ಓದಿ. ಹಳೆಯ ಡೋಜರಿನಲ್ಲಿ ಸ್ಟೀರಿಂಗ್ ಚಕ್ರ ಇಲ್ಲ, ಎಡಕ್ಕೊಂದು ಬಲಕ್ಕೊಂದು ಲಿವರ್ ಇದೆ. ಎಡದ ಲಿವರ್ ಅರ್ಧ ಎಳೆದರೆ ಎಡ ಚೈನಿನ ಕ್ಲಚ್ ಬಿಡುತ್ತದೆ, ಪೂರ್ತಿ ಎಳೆದರೆ ಬ್ರೇಕೂ ಹಿಡಿಯುತ್ತದೆ. ಸಮನೆಲದಲ್ಲಿ ಅರ್ಧ ಎಳೆದರೆ ಎಡ ಚೈನಿಗೆ ಶಕ್ತಿ ತಪ್ಪಿ ಗಾಡಿ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರು ಇಳಿಯುವಾಗ ಕತೆ ತಿರುಗುಮುರುಗು. ಅಲ್ಲಿ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತಿರುವುದೇ ಎಂಜಿನ್. ಎಡ ಕ್ಲಚ್ ಬಿಟ್ಟಕೂಡಲೇ ಆ ಚೈನು ಹಿಡಿತ ತಪ್ಪಿ ಬಲದ್ದಕ್ಕಿಂತ ಜೋರಾಗಿ ಉರುಳುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಬಲಕ್ಕೆ ಪ್ರಪಾತವಿದ್ದರೆ ಗಾಬರಿಯಲ್ಲಿ ಚಾಲಕ ಎಡ ಲಿವರನ್ನು ಇನ್ನೂ ಸ್ವಲ್ಪ ಎಳೆಯುತ್ತಾನೆ, ಆದರೆ ಬ್ರೇಕ್ ಹಿಡಿಯುವಷ್ಟಲ್ಲ; ಗಾಡಿ ಬಲಕ್ಕೇ ಹೋಗುತ್ತದೆ. ಇಳಿಯುವಾಗ ಲಿವರನ್ನು ಬ್ರೇಕ್ ಹಿಡಿಯುವ ತನಕ ಪೂರ್ತಿ ಎಳೆದರೆ ಮಾತ್ರ ಗಾಡಿ ಆ ಕಡೆಗೇ ತಿರುಗುತ್ತದೆ. ಬ್ರೇಕ್ ಹೇಗೆ ಹಿಡಿಯುತ್ತಿದೆ ಎಂದು ಸಮನೆಲದಲ್ಲಿ ನೋಡಿಕೊಂಡೇ ಗುಡ್ಡೆ ಹತ್ತಬೇಕು. ನಡುವೆ ಗೇರ್ ಬದಲಿಸುವುದು, ನ್ಯೂಟ್ರಲ್ ಮಾಡುವುದು ಕೂಡದು. ಇಳಿಯುವ ಗೇರನ್ನು ಮೇಲಿನಿಂದಲೇ ಹಾಕಿ ಹೊರಡಬೇಕು. ಹಳೆಯ ಡೋಜರುಗಳಲ್ಲಿ ಗಾಡಿ ಮಗುಚಿದರೆ ಚಾಲಕನನ್ನು ಉಳಿಸುವ ಚೌಕಟ್ಟೂ ಇರುವುದಿಲ್ಲ, ಸೀಟ್ ಬೆಲ್ಟೂ ಇರುವುದಿಲ್ಲ. ತೆಂಗಿನ ಗರಿ ತಡೆಯಲೆಂದು ಹಾಕಿಸಿದ ತಗಡಿನ ಮಾಡು ಮಳೆಗೆ ಮಾತ್ರ ಆದೀತು.

ಹಿಟಾಚಿಗೂ ಇಳಿಜಾರಿನ ನಿಯಮ ಒಂದೇ: ನೇರ ಹತ್ತಬೇಕು, ನೇರ ಇಳಿಯಬೇಕು. ಗುಡ್ಡೆಗೆ ಅಡ್ಡಲಾಗಿ ನಡೆಸಿದರೆ ಒದ್ದೆ ಬೈಹುಲ್ಲಿನಂಥ ನೆಲದಲ್ಲಿ ಇಡೀ ಯಂತ್ರ ಬದಿಗೆ ಜಾರುತ್ತದೆ. ಕಾಂಕ್ರೀಟ್ ದಾರಿಯೂ ಮಳೆಯಲ್ಲಿ ಉಕ್ಕಿನ ಚೈನಿಗೆ ಹಿಡಿತ ಕೊಡುವುದಿಲ್ಲ.

ಜರಿತ ಆದ ದಿನ ಮಾಡುವ ದೊಡ್ಡ ತಪ್ಪು ಬೇಗ ಶುರುಮಾಡುವುದು. ಮಣ್ಣು ಒಂದು ಸಲ ಇಳಿದರೆ ಮುಗಿಯಿತು ಎಂದಲ್ಲ. 2024ರ ಜುಲೈಯಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲೆ ಬಳಿ ಮಣ್ಣು ಮತ್ತೆ ಮತ್ತೆ ಕುಸಿದು ಹೆದ್ದಾರಿ ತೆರೆಯುವುದು, ಮುಚ್ಚುವುದು ನಡೆದೇ ಇತ್ತು. ಅದಕ್ಕೂ ಮುಂಚೆ 2018ರಲ್ಲಿ ಕೆಂಪುಹೊಳೆಯಿಂದ ಅಡ್ಡಹೊಳೆಯ ತನಕ ತಿಂಗಳುಗಟ್ಟಲೆ ರಸ್ತೆ ಮುಚ್ಚಿ ಕಾಂಕ್ರೀಟ್ ಹಾಕಿ ಜುಲೈಯಲ್ಲಿ ತೆರೆದರೆ, ಆಗಸ್ಟಿನಲ್ಲಿ ಗುಡ್ಡೆಗಳೇ ರಸ್ತೆಗೆ ಬಂದವು. ಕಾಂಕ್ರೀಟಿಗೆ ಏನೂ ಆಗಿರಲಿಲ್ಲ, ಪಕ್ಕದ ಬರೆ ನಿಲ್ಲಲಿಲ್ಲ.

ಹಾಗಾಗಿ ಮೊದಲು ಒಬ್ಬರು ಸುತ್ತುಬಳಸಿ ಜರಿತದ ತಲೆಯ ಮೇಲಕ್ಕೆ ಹೋಗಿ ನೋಡಬೇಕು. ನೆಲದಲ್ಲಿ ಹೊಸ ಬಿರುಕು, ಓರೆಯಾದ ಮರ, ನಿನ್ನೆ ಇಲ್ಲದ ಒರತೆ, ತಿಳಿಯಾಗಿದ್ದ ನೀರು ಕೆಂಪಾಗಿರುವುದು, ಇದರಲ್ಲಿ ಯಾವುದು ಕಂಡರೂ ಯಂತ್ರ ಅಂಗಳದಲ್ಲೇ ಇರಲಿ, ಮನೆಯವರೂ ಬೇರೆಡೆಗೆ ಹೋಗಲಿ. ಮಳೆ ಬಿಟ್ಟು, ಒರತೆ ಇಳಿದ ಮೇಲೆ ಕೆಲಸ. ಯಂತ್ರದವನಿಗೆ ಎಂಜಿನ್ ಸದ್ದಿನಲ್ಲಿ ಮೇಲಿನ ಸದ್ದು ಕೇಳುವುದಿಲ್ಲ, ಗುಡ್ಡೆ ನೋಡುತ್ತಾ ಸೀಟಿ ಹಿಡಿದು ನಿಲ್ಲುವ ಒಬ್ಬ ಬೇಕೇಬೇಕು. ಚೈನುಗಳು ಓಡಿ ಹಿಂದಕ್ಕೆ ಬರಲು ಅನುಕೂಲವಾಗುವಂತೆ ದಾರಿಯುದ್ದಕ್ಕೆ ಮುಖ ಮಾಡಿರಲಿ, ಬರೆಗೆ ಮುಖ ಮಾಡಿ ಅಡ್ಡ ನಿಲ್ಲಬಾರದು. ರಾಶಿಯನ್ನು ಮೇಲಿನಿಂದ, ಹೊರಬದಿಯಿಂದ ತೆಳ್ಳಗೆ ತೆಗೆಯುತ್ತಾ ಬನ್ನಿ. ಬುಡದಿಂದ ಬಾಚಿದರೆ ಮೇಲಿನದಕ್ಕೆ ಆಧಾರ ತಪ್ಪುತ್ತದೆ. ಒಂದು ಜೀಪು ಹೋಗುವಷ್ಟು ದಾರಿಯಾದರೆ ಅಂದಿಗೆ ಸಾಕು. ಬರೆಯ ಬುಡಕ್ಕೆ ಒರಗಿ ನಿಂತ ಮಣ್ಣನ್ನು ಡಿಸೆಂಬರಿಗೆ ಬಿಡಿ. ಅದು ಈಗ ಗುಡ್ಡೆಯನ್ನು ಹಿಡಿದುಕೊಂಡಿದೆ. ಕಂಬ ವಾಲಿದ್ದರೆ, ತಂತಿ ಮಣ್ಣಿನಡಿ ಸಿಕ್ಕಿದ್ದರೆ 1912ಕ್ಕೆ ಕರೆ ಮಾಡಿ ಮೆಸ್ಕಾಂನವರು ಲೈನ್ ಆಫ್ ಮಾಡಿದ್ದಾರೆಂದು ಖಾತ್ರಿಯಾಗುವ ತನಕ ಬಕೆಟ್ ಮುಟ್ಟಿಸಬೇಡಿ. ಜನ ಸಿಕ್ಕಿಕೊಂಡಿದ್ದಾರೆಂಬ ಸಂಶಯವಿದ್ದರೆ 112ಕ್ಕೆ ಅಥವಾ ಜಿಲ್ಲೆಯ ಕಂಟ್ರೋಲ್ ರೂಮಿನ 1077ಕ್ಕೆ ತಿಳಿಸಿ. ಅಲ್ಲಿ ಬಕೆಟ್ಟಿಗಿಂತ ಕೈ, ಹಾರೆ ಸುರಕ್ಷಿತ. ಹೆದ್ದಾರಿಯ ಮಣ್ಣಿಗೆ ನಾವಾಗಿ ಕೈ ಹಾಕುವುದು ಬೇಡ, ಪೊಲೀಸರೋ ಇಲಾಖೆಯವರೋ ಕರೆದರೆ ಹೋಗುವುದು.

ಯಂತ್ರವೇ ಹೂತರೆ? ಎಕ್ಸಲರೇಟರ್ ಒತ್ತಿದಷ್ಟೂ ಚೈನು ಕೆಳಗೆ ಅಗೆಯುತ್ತದೆ. ಹಿಟಾಚಿಯಾದರೆ ಬಕೆಟ್ ನೆಲಕ್ಕೊತ್ತಿ ಒಂದು ಬದಿ ಎತ್ತಿ, ಚೈನಿನಡಿಗೆ ದಪ್ಪ ದಿಮ್ಮಿಗಳನ್ನು ಅಡ್ಡ ಹಾಕಿ, ಇನ್ನೊಂದು ಬದಿಗೂ ಹಾಗೆಯೇ ಮಾಡಿ ಮೆಲ್ಲನೆ ಬನ್ನಿ. ದಿಮ್ಮಿ ಹಾಕಲು ಯಾರೂ ಎತ್ತಿದ ಚೈನಿನಡಿಗೆ ನುಗ್ಗಬಾರದು, ಉದ್ದದ ಕೋಲಿನಲ್ಲಿ ತಳ್ಳಬೇಕು. ಇನ್ನೊಂದು ಗಾಡಿಯಿಂದ ವಯರ್ ರೋಪಿನಲ್ಲಿ ಎಳೆಸುವುದಾದರೆ ನೋಡಲು ಸೇರಿದವರೆಲ್ಲ ರೋಪಿನ ಉದ್ದಕ್ಕಿಂತ ದೂರ ಇರಲಿ. ತುಂಡಾದ ರೋಪು ಕಾಲು ಕತ್ತರಿಸುತ್ತದೆ.

ಬೇಸಿಗೆಯ ಕೆಲಸ

ಹಳೆಯ ಚೈನ್ ಗಾಡಿಯ ಬೆಲೆ ಹುಟ್ಟುವುದು ಮಳೆಗಾಲದಲ್ಲಲ್ಲ. ಮೇ ಕೊನೆಯ ವಾರದ ಪತ್ತನಾಜೆಯ ಮುಂಚಿನ ಎರಡು ತಿಂಗಳು ಅದನ್ನು ಚೆನ್ನಾಗಿ ದುಡಿಸಿದರೆ ಆಟಿಯಲ್ಲಿ ಕೆಲಸವೇ ಕಡಿಮೆ ಇರುತ್ತದೆ. ಗುಡ್ಡೆಯ ಮೇಲಿನಿಂದ ಬರುವ ನೀರನ್ನು ಬರೆಯ ತಲೆಯಲ್ಲೇ ಹಿಡಿದು ಬದಿಗೆ ಒಯ್ಯುವ ಅಗಳು, ದಾರಿಯ ಒಳಬದಿಯ ಚರಂಡಿ, ಮೋರಿಯ ಎರಡೂ ಬಾಯಿ, ಇಷ್ಟನ್ನು ಮೇ ತಿಂಗಳೊಳಗೆ ಮುಗಿಸಿ. ವರ್ಷಕ್ಕೆ 4,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಜಾಗದಲ್ಲಿ ನೀರಿಗೆ ದಾರಿ ನಾವು ಕೊಡದಿದ್ದರೆ ಅದು ತೆಗೆದುಕೊಳ್ಳುತ್ತದೆ. 2022ರ ಆಗಸ್ಟಿನಲ್ಲಿ ಹರಿಹರ ಪಳ್ಳತ್ತಡ್ಕದ ಸೇತುವೆಗೆ ಮರದ ದಿಮ್ಮಿಗಳು ಅಡ್ಡ ಸಿಕ್ಕಿಕೊಂಡು ನೀರು ಉಕ್ಕಿದ್ದು ಸುಳ್ಯದ ಕಡೆಯವರಿಗೆ ನೆನಪಿದೆ. ಕಡಿದು ತೋಡಿನ ಬದಿಗೆ ಬಿಟ್ಟ ರಬ್ಬರ್ ಬೊಡ್ಡೆಗಳನ್ನು ಬೇಸಿಗೆಯಲ್ಲೇ ಎತ್ತಿ ದೂರ ಹಾಕಿಸಿ.

ಇದೇ ಬೇಸಿಗೆಯಲ್ಲಿ ಯಂತ್ರ ಎದುರಿಗಿದೆ, ಗಂಟೆ ಉಳಿದಿದೆ ಎಂದು ಮನೆಯ ಹಿಂದಿನ ಗುಡ್ಡೆ ನೆಟ್ಟಗೆ ಕಡಿದು ಅಂಗಳ ಅಗಲ ಮಾಡಿಸುವ ಚಪಲ ಬರುತ್ತದೆ. ನಮ್ಮಲ್ಲಿ ಮನೆಯ ಮೇಲೆ ಬಿದ್ದ ಬರೆಗಳಲ್ಲಿ ಎಷ್ಟೋ ಹೀಗೆ ಕಡಿದವೇ. ಮೇಲಿನ ಮುರಕಲ್ಲು ಗೋಡೆಯಂತೆ ನಿಂತದ್ದು ನೋಡಿ ಧೈರ್ಯ ಬರುತ್ತದೆ, ಅದರಡಿಯ ಶೇಡಿ ಮಣ್ಣು ಬೇಸಿಗೆಯಲ್ಲಿ ಗಟ್ಟಿಯಾಗಿಯೇ ಇರುತ್ತದೆ. ನೀರು ಕುಡಿದ ಮೇಲೆ ಅದಕ್ಕೆ ಬಲವೇ ಇಲ್ಲ. ಕಡಿಯಲೇಬೇಕಾದರೆ ಓರೆಯಾಗಿ, ನಡುನಡುವೆ ಮೆಟ್ಟಿಲು ಬಿಟ್ಟು, ಪ್ರತಿ ಮೆಟ್ಟಿಲಿಗೂ ನೀರು ಹೊರಹೋಗುವ ಚರಂಡಿ ಇಟ್ಟು ಕಡಿಸಿ. ಅಷ್ಟು ಜಾಗ ಇಲ್ಲದಿದ್ದರೆ ಅಂಗಳ ಸಣ್ಣದೇ ಇರಲಿ.

ತೋಟದೊಳಗೆ ಯಂತ್ರ ಇಳಿಸುವುದು ನೆಲ ಒಣಗಿದ ಮೇಲೆ, ಜನವರಿ ಆಚೆಗೆ. ಒತ್ತಡ ಕಡಿಮೆ ಎಂದು ಮೇಲೆ ಹೇಳಿದ್ದು ನಿಜವಾದರೂ ಒದ್ದೆ ಮಣ್ಣಿನಲ್ಲಿ ಚೈನು ತಿರುಗಿದಲ್ಲೆಲ್ಲ ನೆಲ ಕಲಸಿ, ಒಣಗಿದಾಗ ಇಟ್ಟಿಗೆಯಾಗುತ್ತದೆ. ಅಡಿಕೆಯ ಹೆಚ್ಚಿನ ಬೇರು ಬುಡದಿಂದ ಒಂದು ಮೀಟರ್ ಆಸುಪಾಸಿನಲ್ಲೇ ಇರುವುದು, ಚೈನು ಸಾಲಿನ ನಟ್ಟನಡುವೆ, ಬುಡದಿಂದ ಆದಷ್ಟು ದೂರ ಇರಲಿ. ಎರಡು ಸಾಲಿಗೊಂದು ಕಣಿ, ನೆಟ್ಟ ಗುಂಡಿಯ ತಳಕ್ಕಿಂತ ತುಸು ಆಳ ಇದ್ದರೆ ಸಾಕು. ಡ್ರಿಪ್ಪಿನ ಪೈಪು ಎಲ್ಲಿ ಹೋಗಿದೆ ಎಂದು ಯಂತ್ರದವನಿಗೆ ತೋರಿಸುವ ಕೆಲಸ ನಿಮ್ಮದು, ಕೋಲು ನೆಟ್ಟು ಗುರುತು ಹಾಕಿ. ಕುಮ್ಕಿ ಜಾಗದ ಆಚೆಗಿನ ರಕ್ಷಿತಾರಣ್ಯದ ಗಡಿಕಲ್ಲನ್ನೂ ಹಾಗೆಯೇ ತೋರಿಸಿ. ಗಡಿ ದಾಟಿ ಮಣ್ಣು ಕೆರೆದರೆ ಯಂತ್ರವೇ ಜಪ್ತಿಯಾಗಬಹುದು. ಗುಂಡ್ಯದ ಸುತ್ತ ಮೂರು ದಿಕ್ಕಿಗೂ ಕಾಡೇ ಇರುವಾಗ ಇದು ಸಣ್ಣ ಮಾತಲ್ಲ.

ದಿನದ ಕೆಲಸ ಮುಗಿದ ಮೇಲೆ ಚೈನಿನ ಕೆಸರು ಅಂದೇ ತೊಳೆಯಿರಿ. ಯಂತ್ರವನ್ನು ಬರೆಯಡಿ, ತೋಡಿನ ಬದಿ ನಿಲ್ಲಿಸದೆ ಕಲ್ಲು ಹಾಸಿದ ಜಾಗದಲ್ಲಿ ಬಕೆಟ್ ನೆಲಕ್ಕೂರಿ ನಿಲ್ಲಿಸಿ. ಡೀಸೆಲ್ ಟ್ಯಾಂಕ್ ತುಂಬಿರಲಿ, ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ಮಳೆಗಾಲದ ತೇವ ಹನಿಗಟ್ಟಿ ಡೀಸೆಲಿಗೆ ನೀರು ಸೇರುತ್ತದೆ. ಫಿಲ್ಟರಿನಡಿಯ ಬಟ್ಟಲಿನ ನೀರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಿಟ್ಟುಬಿಡಿ. ಕೆಲವು ವಾರ ನಿಲ್ಲಿಸಿಡುವುದಾದರೆ ಹೊರಗೆ ಕಾಣುವ ಹೈಡ್ರಾಲಿಕ್ ರಾಡುಗಳಿಗೆ ಗ್ರೀಸ್ ಸವರಿ, ಬ್ಯಾಟರಿಯ ಒಂದು ವಯರ್ ಕಳಚಿಡಿ. ಸೀಟಿನಡಿ ಇಲಿ ಗೂಡು ಕಟ್ಟಿದರೆ ವಯರಿಂಗ್ ಪೂರ್ತಿ ಹೋಗುತ್ತದೆ, ವಾರಕ್ಕೊಮ್ಮೆ ಮುಚ್ಚಳ ಎತ್ತಿ ನೋಡಿ, ಹಾಗೆಯೇ ಅರ್ಧ ಗಂಟೆ ಎಂಜಿನ್ ಬಿಸಿಯಾಗುವ ತನಕ ಓಡಿಸಿ. ಸೈಲೆನ್ಸರಿನ ಬಾಯಿಗೆ ಹಳೆಯ ಡಬ್ಬಿ ಮಗುಚುವುದನ್ನು ಮರೆಯಬೇಡಿ. ಸ್ಟಾರ್ಟ್ ಮಾಡುವ ಮುಂಚೆ ಅದನ್ನು ತೆಗೆಯುವುದನ್ನೂ.